ಡ್ರಮ್ ತುಂಬಿದೆ, ಒಲೆ ಹೊತ್ತುತ್ತಿಲ್ಲ: ಮನೆಯ ಬಯೋಗ್ಯಾಸ್ ಕೈಕೊಟ್ಟಾಗ ಏನೇನು ನೋಡಬೇಕು

ಹೋದ ವರ್ಷ ನಮ್ಮ ಮನೆಯಲ್ಲಿ ಅಣ್ಣನ ಮಗುವಿನ ನಾಮಕರಣ ಇತ್ತು. ಎಂಬತ್ತು ಜನಕ್ಕೆ ಎಲೆ ಊಟ. ಉಳಿದ ಅನ್ನ, ಬಿಸಿಬೇಳೆಬಾತು, ಶಾವಿಗೆ ಪಾಯಸ ಎಲ್ಲವನ್ನೂ ಎರಡೇ ದಿನದಲ್ಲಿ ಹಿತ್ತಲಿನ ಬಯೋಗ್ಯಾಸ್ ಟ್ಯಾಂಕಿಗೆ ಸುರಿದೆ. 40 ಕಿಲೋ ಆಗಿತ್ತೇನೋ. ಪಾತ್ರೆ ತೊಳೆದ ನೀರು ಸುಮಾರು 100 ಲೀಟರ್, ಅದೂ ಹಿಂದೆಯೇ ಹೋಯಿತು. ಮೂರನೇ ದಿನ ಬೆಳಗ್ಗೆ ನೋಡಿದರೆ, ಗ್ಯಾಸ್ ತುಂಬಿದಂತೆ ಟ್ಯಾಂಕಿನಿಂದ ಮೇಲೇಳುವ ಡ್ರಮ್ ಸೊಂಟದೆತ್ತರ ಎದ್ದು ನಿಂತಿದೆ. ನನಗೆ ಖುಷಿಯೋ ಖುಷಿ. ಹಾಲು ಕಾಯಿಸೋಣ ಅಂತ ಕಡ್ಡಿ ಗೀರಿದರೆ ಒಲೆ ಹೊತ್ತಲೇ ಇಲ್ಲ. ಭುಸ್ ಅಂತ ಬರುತ್ತದೆ, ಕಡ್ಡಿಯ ಉರಿಯನ್ನೂ ಆರಿಸಿಬಿಡುತ್ತದೆ. ಪ್ಲಾಂಟ್ ಮಾರಿದವರಿಗೆ ಫೋನ್ ಮಾಡಿದೆ. "ಇನ್ನೊಂದೆರಡು ಬಕೆಟ್ ವೇಸ್ಟ್ ಹಾಕಿ ಸಾರ್, ಸರಿಹೋಗುತ್ತೆ" ಅಂದರು. ಹಾಕಿದೆ. ಇದ್ದದ್ದೂ ಹೋಯಿತು. ಮತ್ತೆ ನೀಲಿ ಉರಿ ನೋಡುವ ಹೊತ್ತಿಗೆ 23 ದಿನ ಕಳೆದಿತ್ತು.

ಆಮೇಲೆ ಗೆಳೆಯರ ಮನೆಗಳದ್ದು, ಒಂದೆರಡು ಅಪಾರ್ಟ್‌ಮೆಂಟಿನದ್ದು ಅಂತ ಕೆಟ್ಟ ಪ್ಲಾಂಟುಗಳನ್ನು ನೋಡುತ್ತಾ ಬಂದೆ. ಪೈಪು ಸೋರಿದ್ದು, ವಾಲ್ವ್ ಕಟ್ಟಿದ್ದು ಬಿಟ್ಟರೆ ಉಳಿದ ತೊಂದರೆಗಳೆಲ್ಲ ಹೆಚ್ಚುಕಡಿಮೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ. ಹಾಕಿದ್ದು ಒಳಗೆ ಎಷ್ಟು ದಿನ ಇರುತ್ತದೆ? ಅದಕ್ಕೇ ಈ ಬರಹ. ತೇಲುವ ಡ್ರಮ್ಮಿನ ಮನೆ ಪ್ಲಾಂಟನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಗುಮ್ಮಟದ ಗೋಬರ್ ಗ್ಯಾಸಿಗೂ ಬಹುಪಾಲು ಹೊಂದುತ್ತದೆ.

## ಮುಟ್ಟುವ ಮೊದಲು

ಬಯೋಗ್ಯಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮೀಥೇನ್. ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್, ಜೊತೆಗೆ ಚೂರು ಹೈಡ್ರೋಜನ್ ಸಲ್ಫೈಡ್. ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15ರಷ್ಟು ಬೆರೆತಿದ್ದರೆ ಒಂದು ಕಿಡಿ ಸಾಕು. ಸೋರಿಕೆ ಹುಡುಕಲು ಕಡ್ಡಿ ಗೀರುವವರನ್ನು ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ಬೇಡ. ಸೋಪಿನ ನೊರೆ ಇದೆ, ಬ್ರಷ್ ಇದೆ, ಅಷ್ಟು ಸಾಕು.

ಟ್ಯಾಂಕಿನೊಳಗೆ ಇಳಿಯಬೇಡಿ. ಖಾಲಿ ಮಾಡಿದ್ದರೂ ಬೇಡ, ಮುಚ್ಚಳ ತೆಗೆದು ಎರಡು ದಿನ ಆಗಿದ್ದರೂ ಬೇಡ. ಬಗ್ಗಿ ತಲೆ ಒಳಗಿಡುವುದೂ ಬೇಡ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ತಳದಲ್ಲಿ ಕೂತಿರುತ್ತದೆ. ಹೈಡ್ರೋಜನ್ ಸಲ್ಫೈಡ್ ಅದಕ್ಕಿಂತ ಮೋಸದ್ದು. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆ ನಾರುತ್ತದೆ, ಜಾಸ್ತಿಯಾದಾಗ ಮೂಗೇ ಮರಗಟ್ಟಿ ವಾಸನೆ ತಿಳಿಯುವುದಿಲ್ಲ. ಯಾರಾದರೂ ಒಳಗೆ ಬಿದ್ದರೆ ಎತ್ತಲು ಇನ್ನೊಬ್ಬರು ಇಳಿಯಬಾರದು. 112ಕ್ಕೆ ಕರೆ ಮಾಡಿ.

## ಮೊದಲು ಒಂದು ಲೆಕ್ಕ

ಟ್ಯಾಂಕಿನಲ್ಲಿ ಬಗ್ಗಡ, ಅಂದರೆ ಕಸ ನೀರು ಕಲೆತ ರಾಡಿ, ಎಷ್ಟು ಲೀಟರ್ ಹಿಡಿಯುತ್ತದೋ ಅದನ್ನು ದಿನಕ್ಕೆ ಹಾಕುವ ಲೀಟರಿನಿಂದ ಭಾಗಿಸಿ. ಬಂದದ್ದೇ ತಂಗುವ ದಿನ. ನಮ್ಮದು 1,000 ಲೀಟರ್. ನಮ್ಮ ಮನೆ, ಪಕ್ಕದ ಎರಡು ಮನೆ ಸೇರಿ ದಿನಕ್ಕೆ 8 ಕಿಲೋ ಅಡುಗೆಮನೆ ಕಸ, 12 ಲೀಟರ್ ನೀರು. ಒಟ್ಟು 20. ಅಂದರೆ 50 ದಿನ. ನಾಮಕರಣದ ಆ ಎರಡು ದಿನ ನಾನು ಹಾಕಿದ್ದು ದಿನಕ್ಕೆ 70 ಲೀಟರ್. ಅದೇ ವೇಗದಲ್ಲಿ ಹೋಗಿದ್ದರೆ 14 ದಿನ.

ನೀರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇದನ್ನು ಎಲ್ಲರೂ ಮರೆಯುತ್ತಾರೆ. "ದಿನಕ್ಕೆ ಐದೇ ಕಿಲೋ ಹಾಕ್ತೀವಿ" ಅನ್ನುತ್ತಾರೆ. ಅದರ ಹಿಂದೆ ಬಕೆಟ್ ತೊಳೆದ ನೀರು, ಅಕ್ಕಿ ತೊಳೆದ ನೀರು, ಗ್ರೈಂಡರ್ ತೊಳೆದ ನೀರು ಅಂತ 30 ಲೀಟರ್ ಹೋಗಿರುತ್ತದೆ.

ಇನ್ನೊಂದು ಗೊಂದಲ ಗಾತ್ರದ್ದು. "2 ಘನ ಮೀಟರ್ ಪ್ಲಾಂಟ್" ಅಂದರೆ ಗೋಬರ್ ಗ್ಯಾಸಿನವರ ಲೆಕ್ಕದಲ್ಲಿ ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡುವ ಪ್ಲಾಂಟ್. ಅದಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, 50 ಲೀಟರ್ ನೀರು ಬೇಕು. 40 ದಿನ ತಂಗಬೇಕಾದರೆ 4,000 ಲೀಟರಿನ ಗುಂಡಿ ಬೇಕು. ಪ್ಲಾಸ್ಟಿಕ್ ಟ್ಯಾಂಕ್ ಮಾರುವವರು ಕೆಲವರು ಟ್ಯಾಂಕಿನ ಗಾತ್ರವನ್ನೇ ಹೇಳುತ್ತಾರೆ. ಯಾವುದನ್ನು ಹೇಳುತ್ತಿದ್ದಾರೆ ಅಂತ ಕೇಳಿಕೊಳ್ಳಿ.

ದಿನ ಯಾಕೆ ಮುಖ್ಯ? ಟ್ಯಾಂಕಿನೊಳಗೆ ಎರಡು ಥರದ ಕೆಲಸಗಾರರು ಇದ್ದಾರೆ ಅಂತ ಇಟ್ಟುಕೊಳ್ಳಿ. ಮೊದಲನೆಯವರು ಅನ್ನ, ತರಕಾರಿಯನ್ನು ಒಡೆದು ಹುಳಿ ಮಾಡುವ ಬ್ಯಾಕ್ಟೀರಿಯಾಗಳು. ಇವು ಗಂಟೆಗಳಲ್ಲಿ ಎರಡು ಪಟ್ಟು ಆಗುತ್ತವೆ. ಎರಡನೆಯವರು ಆ ಹುಳಿಯನ್ನು ತಿಂದು ಮೀಥೇನ್ ಬಿಡುವ ಜೀವಿಗಳು. ಇವು ಬ್ಯಾಕ್ಟೀರಿಯಾ ಅಲ್ಲವೇ ಅಲ್ಲ. ಆರ್ಕಿಯಾ ಅನ್ನುವ ಬೇರೆಯೇ ಕುಲ ಅಂತ 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ತೋರಿಸಿಕೊಟ್ಟರು. ಬಹಳ ನಿಧಾನದವು. ಇವುಗಳಲ್ಲಿ ಮೆಥನೊಸಾರ್ಸಿನಾ ಅನ್ನುವುದು ಎರಡು ಪಟ್ಟು ಆಗಲು ಒಂದೆರಡು ದಿನ ಬೇಕು. ಮೆಥನೊತ್ರಿಕ್ಸ್ ಇನ್ನೂ ನಿಧಾನ, ನಾಲ್ಕು ದಿನದಿಂದ ಒಂಬತ್ತು ದಿನ. ಅದೂ 35 ಡಿಗ್ರಿಯ ಬೆಚ್ಚಗಿನ ಜಾಗದಲ್ಲಿ.

ಈಗ ತಂಗುವ ದಿನ 10 ಅಂದುಕೊಳ್ಳಿ. ಹಾಕಿದಷ್ಟೇ ಇನ್ನೊಂದು ಕಡೆಯಿಂದ ಹೊರಬರುವುದರಿಂದ ದಿನವೂ ಹತ್ತರಲ್ಲಿ ಒಂದು ಪಾಲು ಬಗ್ಗಡ ಹೊರಗೆ ಹೋಗುತ್ತದೆ. ಅದರ ಜೊತೆ ಈ ಜೀವಿಗಳಲ್ಲೂ ಹತ್ತರಲ್ಲಿ ಒಂದು ಪಾಲು ಹೋಯಿತು. ಏಳು ದಿನಕ್ಕೆ ಎರಡು ಪಟ್ಟು ಆಗುವ ಜೀವಿ ದಿನಕ್ಕೆ ಬೆಳೆಯುವುದೂ ಹೆಚ್ಚುಕಡಿಮೆ ಅಷ್ಟೇ. ಬಂದ ಬಡ್ಡಿಯೆಲ್ಲ ಖರ್ಚಿಗೆ ಸರಿಹೋಯಿತು. ಸ್ವಲ್ಪ ಚಳಿ ಬಿತ್ತೋ, ಹುಳಿ ಏರಿತೋ, ಬಡ್ಡಿ ಇಳಿಯಿತು, ಅಸಲು ಕರಗತೊಡಗಿತು. ಹೆಪ್ಪಿಗೂ ಉಳಿಸದೆ ಮೊಸರು ಬಳಿದು ಬಡಿಸಿದಂತೆ. ಹುಳಿ ಮಾಡುವವರು ಮಾತ್ರ ಆರಾಮಾಗಿ ಬೆಳೆಯುತ್ತಲೇ ಇರುತ್ತಾರೆ. ಹುಳಿ ಹೆಚ್ಚುತ್ತದೆ, ತಿನ್ನುವವರಿಲ್ಲ.

ಎಷ್ಟು ದಿನ ಇದ್ದರೆ ಸರಿ? ಗೋಬರ್ ಗ್ಯಾಸ್ ಕೈಪಿಡಿಗಳಲ್ಲಿ ಊರಿನ ಸೆಕೆ ನೋಡಿ 30, 40, 55 ದಿನ ಅಂತ ಮೂರು ಲೆಕ್ಕ ಇವೆ. ಕರ್ನಾಟಕವನ್ನು 30 ದಿನದ ಬಿಸಿ ಸೀಮೆಗೆ ಸೇರಿಸುತ್ತಾರೆ. ಆದರೆ ಬೆಂಗಳೂರು ರಾಯಚೂರಲ್ಲ. ನಾನು ಇಲ್ಲಿ 40ಕ್ಕಿಂತ ಕೆಳಗೆ ಇಳಿಯುವುದಿಲ್ಲ. 25ಕ್ಕೆ ಬಂದರೆ ದಿನಾ ಉರಿ ನೋಡುತ್ತೇನೆ. 15 ಅಂದರೆ ಇವತ್ತೋ ನಾಳೆಯೋ ಅಷ್ಟೇ.

## ಗ್ಯಾಸ್ ಕಡಿಮೆ, ಆದರೆ ಉರಿ ಚೆನ್ನಾಗಿದೆ

ಮೊದಲು ಒಂದೂವರೆ ಗಂಟೆ ಉರಿಯುತ್ತಿದ್ದ ಒಲೆ ಈಗ ಅರ್ಧ ಗಂಟೆಗೆ ಮುಗಿಯುತ್ತದೆ. ಆದರೆ ಉರಿ ನೀಲಿಯಾಗಿ ನೆಟ್ಟಗಿದೆ. ಇದು ಒಳ್ಳೆಯ ಸುದ್ದಿ. ಜೀವಿಗಳು ಆರೋಗ್ಯವಾಗಿವೆ. ಗ್ಯಾಸ್ ಎಲ್ಲೋ ಹೋಗುತ್ತಿದೆ, ಇಲ್ಲವೇ ಹುಟ್ಟುವುದೇ ಕಡಿಮೆ ಆಗಿದೆ.

ರಾತ್ರಿ ವಾಲ್ವ್ ಮುಚ್ಚಿ. ಡ್ರಮ್ಮಿನ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಬೆಳಗ್ಗೆ ನೋಡಿ. ಏರಿರಬೇಕು. ಇಳಿದಿದ್ದರೆ ಡ್ರಮ್ಮಿನಿಂದ ವಾಲ್ವ್‌ವರೆಗೆ ಎಲ್ಲೋ ಸೋರುತ್ತಿದೆ. ಏರಿದ್ದರೆ, ಸೋರಿಕೆ ಇದ್ದರೂ ಅದು ವಾಲ್ವ್ ದಾಟಿದ ನಂತರದ ಪೈಪಿನಲ್ಲಿ, ಮನೆಯ ಕಡೆ. ಎರಡೂ ಕಡೆ ಜಾಯಿಂಟುಗಳಿಗೆ ಸೋಪಿನ ನೊರೆ ಹಚ್ಚಿ. ಗುಳ್ಳೆ ಎದ್ದಲ್ಲಿ ತೂತು. ಬಿಸಿಲಿಗೆ ಬಿದ್ದ ಹಸಿರು ಹೋಸು ಎರಡು ಬೇಸಗೆಗೆ ಸೀಳು ಬಿಡುತ್ತದೆ, ಮೊದಲು ಅದನ್ನೇ ನೋಡಿ. ಅಡುಗೆಮನೆ ಒಳಗೇ ಸೋರಿಕೆ ಇದ್ದರೆ ಕಿಟಕಿ ತೆಗೆಯಿರಿ, ಲೈಟ್ ಸ್ವಿಚ್ ಮುಟ್ಟಬೇಡಿ, ಹೊರಗಿನ ವಾಲ್ವ್ ಮುಚ್ಚಿ. ಪ್ಲಂಬರ್ ಬರುವ ತನಕ ಆ ಪೈಪು ಬಳಸುವುದು ಬೇಡ.

ಉರಿ ಕುಣಿಯುತ್ತಾ ಗುಳುಗುಳು ಸದ್ದು ಬರುತ್ತಿದ್ದರೆ ಪೈಪಿನಲ್ಲಿ ನೀರು ನಿಂತಿದೆ. ಗ್ಯಾಸಿನ ಜೊತೆ ಬರುವ ಆವಿ ರಾತ್ರಿ ತಣ್ಣಗಾಗಿ ನೀರಾಗುತ್ತದೆ. ಪೈಪು ಜೋತುಬಿದ್ದ ಜಾಗದಿಂದ ನೀರು ಬಸಿಯಿರಿ.

ಇದ್ಯಾವುದೂ ಅಲ್ಲವಾದರೆ ಏನು ಹಾಕುತ್ತಿದ್ದೀರಿ ನೋಡಿ. ಮನೆಯವರು ಊರಿಗೆ ಹೋಗಿ ವಾರ ಆಗಿದ್ದರೆ ಗ್ಯಾಸ್ ಕಡಿಮೆಯಾಗುವುದು ಸಹಜ, ಅಲ್ವಾ? ಹಾಗೆ ಕಡಿಮೆಯಾದರೆ ಟ್ಯಾಂಕ್ ಕೆಟ್ಟಿಲ್ಲ. ತಂಗುವ ದಿನ ಜಾಸ್ತಿಯಾದರೆ ಜೀವಿಗಳಿಗೆ ತೊಂದರೆಯೇ ಇಲ್ಲ. ಹಸಿದು ಸುಮ್ನೆ ಕೂತಿರುತ್ತವೆ. ನಷ್ಟ ಅಂದರೆ ದೊಡ್ಡ ಟ್ಯಾಂಕಿನಲ್ಲಿ ಚಿಕ್ಕ ಕೆಲಸ ಮಾಡಿಸಿದಂತೆ, ಅಷ್ಟೇ.

## ಡ್ರಮ್ ತುಂಬಿದೆ, ಒಲೆ ಹೊತ್ತುವುದಿಲ್ಲ

ನನ್ನ ಕಥೆ ಇದೇ. ಹೊಸ ಪ್ಲಾಂಟಾದರೆ ಹೆದರಬೇಡಿ. ಮೊದಲ ಡ್ರಮ್ಮಿನ ಗ್ಯಾಸಿನಲ್ಲಿ ಗಾಳಿ ಬೆರೆತಿರುತ್ತದೆ. ಅದನ್ನು ಹೊತ್ತಿಸಲು ಹೋಗಬಾರದು. ಬಯಲಿಗೆ ಬಿಟ್ಟುಬಿಡಬೇಕು. ಓಡುತ್ತಿದ್ದ ಪ್ಲಾಂಟು ಹೀಗಾದರೆ ಕೆಳಗಿನದನ್ನು ನೋಡಿ.

ಮೊದಲು ಒಲೆ. ಸಿಲಿಂಡರ್ ಗ್ಯಾಸಿನ ಒಲೆಯನ್ನು ಹಾಗೇ ತಂದು ಹಚ್ಚಿದರೆ ಉರಿಯುವುದಿಲ್ಲ. ಬಯೋಗ್ಯಾಸಿಗೆ ಜೆಟ್ಟಿನ ತೂತು ದೊಡ್ಡದಿರಬೇಕು, ಗಾಳಿ ಕಡಿಮೆ ಸಾಕು. ಬರ್ನರ್ ಕೆಳಗಿನ ಗಾಳಿಯ ಕಿಂಡಿಯನ್ನು ಪೂರ್ತಿ ಮುಚ್ಚಿ ಹೊತ್ತಿಸಿ ನೋಡಿ. ಹೊತ್ತಿಕೊಂಡರೆ ನಿಧಾನಕ್ಕೆ ತೆಗೆಯುತ್ತಾ ಹೋಗಿ, ಉರಿ ನೀಲಿಗೆ ತಿರುಗಿದಲ್ಲಿ ನಿಲ್ಲಿಸಿ. ತೊಂದರೆ ಅಲ್ಲಿಗೇ ಮುಗಿದರೆ ಪುಣ್ಯ.

ಕಿಂಡಿ ಮುಚ್ಚಿದರೂ ಹೊತ್ತದಿದ್ದರೆ ಡ್ರಮ್ಮಿನಲ್ಲಿರುವುದು ಬಹುಪಾಲು ಇಂಗಾಲದ ಡೈಆಕ್ಸೈಡ್. ಹುಳಿ ಮಾಡುವವರು ಬಿಟ್ಟ ಗಾಳಿ ಅದು. ಡ್ರಮ್ ಏರಿದ್ದು ನೋಡಿ ನಾನು ಮೋಸಹೋದದ್ದು ಇಲ್ಲೇ.

ಈಗ ಮೂಗು. ಹೊರಬರುವ ಬಗ್ಗಡವನ್ನು ಒಂದು ಮಗ್ಗಿನಲ್ಲಿ ಹಿಡಿದು, ಟ್ಯಾಂಕಿನಿಂದ ದೂರ ಬಯಲಿಗೆ ತಂದು, ಕೈಯಿಂದ ಬೀಸಿಕೊಂಡು ಮೂಸಿ. ಸರಿಯಿರುವ ಬಗ್ಗಡಕ್ಕೆ ಒದ್ದೆ ಮಣ್ಣಿನ, ಹಳೇ ಸಗಣಿಯ ವಾಸನೆ. ಕೆಟ್ಟದ್ದು ಹುಳಿದ ದೋಸೆ ಹಿಟ್ಟಿನ ಹಾಗೆ, ಇನ್ನೂ ಕೆಟ್ಟರೆ ವಾಂತಿಯ ಹಾಗೆ ನಾರುತ್ತದೆ. ನನ್ನದು ಎರಡನೆಯದಾಗಿತ್ತು. ಬಣ್ಣವೂ ಕಪ್ಪು ಹೋಗಿ ಬೂದು ಆಗಿತ್ತು.

ಆಮೇಲೆ ಹುಳಿ ಅಳೆಯುವ ಪಿಎಚ್ ಪಟ್ಟಿ. ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಮೀನು ಸಾಕುವವರ ಅಕ್ವೇರಿಯಂ ಅಂಗಡಿಯಲ್ಲೂ ಸಿಗುತ್ತದೆ. ಪಟ್ಟಿ ಅದ್ದಿ, ಡಬ್ಬಿಯ ಮೇಲಿನ ಬಣ್ಣದ ಜೊತೆ ಹೋಲಿಸಿ. 6.8ರಿಂದ 7.4ರ ಒಳಗಿದ್ದರೆ ಸರಿ. 6.5ಕ್ಕಿಂತ ಕೆಳಗೆ ಬಂತೆಂದರೆ ಮೀಥೇನ್ ಜೀವಿಗಳಿಗೆ ಕಷ್ಟ. 6ಕ್ಕಿಂತ ಕೆಳಗೆ ಅವು ಹೆಚ್ಚುಕಡಿಮೆ ಕೈಬಿಟ್ಟಿವೆ ಅಂತಲೇ. ಒಂದು ಎಚ್ಚರಿಕೆ: ಪಿಎಚ್ ತಡವಾಗಿ ದೂರು ಹೇಳುತ್ತದೆ. ಬಗ್ಗಡದಲ್ಲಿರುವ ಕ್ಷಾರ ಹುಳಿಯನ್ನು ಸ್ವಲ್ಪ ದಿನ ತಡೆದುಕೊಳ್ಳುತ್ತದೆ. ಉರಿ ಮೊದಲು ಮಂಕಾಗುತ್ತದೆ, ಪಟ್ಟಿ ಆಮೇಲೆ ಬಣ್ಣ ಬದಲಿಸುತ್ತದೆ. ಹಾಗಾಗಿ ದಿನಾ ನೋಡಬೇಕಾದ್ದು ಉರಿಯನ್ನೇ.

ಏನು ಮಾಡಬೇಕು? ಹಾಕುವುದನ್ನು ನಿಲ್ಲಿಸಿ. ಪೂರ್ತಿ. ನೀರನ್ನೂ ಹಾಕಬೇಡಿ. "ಹುಳಿ ಜಾಸ್ತಿಯಾಗಿದೆ, ನೀರು ಹಾಕಿ ತಿಳಿ ಮಾಡೋಣ" ಅನ್ನಿಸುತ್ತದೆ. ಹಾಕಿದರೆ ಉಳಿದ ನಾಲ್ಕು ಜೀವಿಗಳೂ ಹೊರಗೆ ಹೋಗುತ್ತವೆ. ಏನೂ ಹಾಕದಿದ್ದಾಗ ಏನೂ ಹೊರಬರುವುದಿಲ್ಲ. ಒಳಗಿದ್ದವು ಉಳಿದು, ಇರುವ ಹುಳಿಯನ್ನೇ ತಿಂದು, ನಿಧಾನಕ್ಕೆ ಹೆಚ್ಚುತ್ತವೆ. ಕೆಟ್ಟ ಗ್ಯಾಸನ್ನು ದಿನವೂ ಬಯಲಿಗೆ ಬಿಡಿ. ಸಿಗರೇಟು, ದೀಪ ಹತ್ತಿರ ಇಲ್ಲದ ಹೊತ್ತು ನೋಡಿಕೊಳ್ಳಿ.

ಐದಾರು ದಿನ ಕಾದರೂ ಪಟ್ಟಿ 6.5 ದಾಟದಿದ್ದರೆ ಅಡುಗೆ ಸೋಡ. ಸಾವಿರ ಲೀಟರಿಗೆ ಒಟ್ಟು 1 ಕಿಲೋ. ಒಂದೇ ಸಲ ಅಲ್ಲ, ಕಾಲು ಕಿಲೋ ಸ್ವಲ್ಪವೇ ನೀರಿನಲ್ಲಿ ಕರಗಿಸಿ, ಎರಡು ದಿನಕ್ಕೊಮ್ಮೆ ಹಾಕಿ, ನಡುವೆ ಪಟ್ಟಿ ನೋಡುತ್ತಾ ಇರಿ. ಸುಣ್ಣ ಹಾಕಿ ಅಂತ ಹೇಳುವವರು ಇದ್ದಾರೆ. ನಾನು ಹಾಕುವುದಿಲ್ಲ. ಸುಣ್ಣ ಪಿಎಚ್ಚನ್ನು ಒಂದೇ ಸಲ ಮೇಲಕ್ಕೆ ಎಸೆಯುತ್ತದೆ. ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಗಟ್ಟಿ ಗಸಿಯಾಗಿ ತಳ ಸೇರುತ್ತದೆ. ಗುಮ್ಮಟದ ಪ್ಲಾಂಟಿನಲ್ಲಿ ಗ್ಯಾಸಿನ ಒತ್ತಡ ದಿಢೀರನೆ ಇಳಿದು ಗಾಳಿ ಒಳನುಗ್ಗುವ ಅಪಾಯವೂ ಇದೆ.

ಸೋಡದ ಜೊತೆ ಹೆಪ್ಪು ಬೇಕು. ಚೆನ್ನಾಗಿ ಓಡುತ್ತಿರುವ ಬೇರೆ ಪ್ಲಾಂಟಿನ ಬಗ್ಗಡ ಎರಡು ಮೂರು ಬಕೆಟ್ ಸಿಕ್ಕಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲದಿದ್ದರೆ ಹಸಿ ಸಗಣಿ. ಬೆಂಗಳೂರಿನಲ್ಲಿ ಹಸು ಎಲ್ಲಿ ಅಂತ ಕೇಳಬೇಡಿ, ಹಳೇ ಬಡಾವಣೆಗಳ ಹಿಂದಿನ ಬೀದಿಗಳಲ್ಲಿ ಈಗಲೂ ಕರೆದ ಹಾಲು ಕೊಡುವ ಮನೆಗಳಿವೆ. ಹಸುವಿಗೆ ಕಾಯಿಲೆಗೆ ಇಂಜೆಕ್ಷನ್ ಕೊಡಿಸಿದ್ದರೆ ಆ ವಾರದ ಸಗಣಿ ಬೇಡ. ಆ ಔಷಧ ನಮ್ಮ ಜೀವಿಗಳನ್ನೂ ಬಿಡುವುದಿಲ್ಲ.

ಉರಿ ಮರಳಿದ ದಿನವೇ ಹಳೇ ಅಳತೆಗೆ ಹೋಗಬೇಡಿ. ನಾನು 2 ಕಿಲೋದಿಂದ ಶುರುಮಾಡಿ ನಾಲ್ಕು ವಾರದಲ್ಲಿ 8ಕ್ಕೆ ಬಂದೆ. ಮಧ್ಯೆ ಒಂದು ದಿನ ಉರಿ ಮಂಕಾಯಿತು, ಮೂರು ದಿನ ನಿಲ್ಲಿಸಿದೆ.

## ಹೊರಬರುವ ಬಗ್ಗಡದಲ್ಲಿ ಅನ್ನದ ಅಗುಳು ಕಾಣುತ್ತದೆ

ಅಗುಳು, ಟೊಮ್ಯಾಟೊ ಸಿಪ್ಪೆ, ಎಲೆಕೋಸಿನ ಚೂರು ಗುರುತು ಸಿಗುವ ಹಾಗೆ ಹೊರಗೆ ಬರುತ್ತಿದ್ದರೆ ಅವು ಒಳಗೆ ಬೇಕಾದಷ್ಟು ದಿನ ಇರಲಿಲ್ಲ. ಲೆಕ್ಕದಲ್ಲಿ 50 ದಿನ ಬಂದರೂ ಹೀಗಾಗುತ್ತದೆ. ಯಾಕೆಂದರೆ ಲೆಕ್ಕ ಹಾಕಿದ್ದು ಟ್ಯಾಂಕ್ ಕೊಂಡ ದಿನದ ಗಾತ್ರಕ್ಕೆ.

ವರ್ಷಗಟ್ಟಲೆ ಓಡಿದ ಟ್ಯಾಂಕಿನ ತಳದಲ್ಲಿ ಮರಳು, ಮೊಟ್ಟೆ ಸಿಪ್ಪೆ, ಮೂಳೆ, ಹುಣಸೆ ಬೀಜ ಕೂತಿರುತ್ತವೆ. ನಮ್ಮ ಪರಿಚಯದ ಒಂದು ಮನೆಯಲ್ಲಿ ಬಾಗಿಲು ಗುಡಿಸಿದ್ದನ್ನೂ ಇದಕ್ಕೇ ಹಾಕುತ್ತಿದ್ದರು. ದಿನವೂ ರಂಗೋಲಿ ಪುಡಿ! ಟ್ಯಾಂಕಿನ ಪೈಪಿನಿಂದ ಉದ್ದನೆಯ ಬಿದಿರು ಗಳ ಇಳಿಸಿ ನೋಡಿದೆವು. ಮೃದುವಾಗಿ ಇಳಿಯುತ್ತಾ ಹೋದ ಗಳ ತಳಕ್ಕಿಂತ ಒಂದು ಮೊಳ ಮೇಲೆಯೇ ಗರಕ್ ಅಂತ ನಿಂತಿತು. ಸಾವಿರ ಲೀಟರಿನಲ್ಲಿ 300 ಲೀಟರ್ ಹೋಯಿತು ಅಂತಲೇ ಲೆಕ್ಕ. ಅವರು ಹಾಕುತ್ತಿದ್ದದ್ದು ದಿನಕ್ಕೆ 35 ಲೀಟರ್. ಹೊಸದರಲ್ಲಿ 28 ದಿನ ತಂಗುತ್ತಿದ್ದದ್ದು ಈಗ 20 ದಿನ. ಏನೂ ಬದಲಾಯಿಸದೆ ಎಂಟು ದಿನ ಕಳೆದುಕೊಂಡಿದ್ದರು.

ಇನ್ನೊಂದು ಕಾರಣ ಅಡ್ಡದಾರಿ. ನೀರು ಜಾಸ್ತಿಯಾದ ತೆಳು ಬಗ್ಗಡ ಮೇಲಿಂದ ಮೇಲೇ ಹಾದು ಹೊರಗೆ ಬಂದುಬಿಡುತ್ತದೆ. ಒಳಗಿನ ದಪ್ಪನೆಯ ಭಾಗ ಕದಲುವುದೇ ಇಲ್ಲ. ನೀರು ಕಡಿಮೆ ಮಾಡಿ, ಕಸವನ್ನು ಸಣ್ಣಗೆ ಹೆಚ್ಚಿ ಅಥವಾ ರುಬ್ಬಿ ಹಾಕಿ, ಡ್ರಮ್ಮನ್ನು ದಿನಕ್ಕೊಮ್ಮೆ ಎಡಕ್ಕೆ ಬಲಕ್ಕೆ ತಿರುಗಿಸಿ.

ದಿನ ಸಾಲುತ್ತಿದೆಯೋ ಇಲ್ಲವೋ ತಿಳಿಯಲು ನಾನು ಮಾಡುವ ಪರೀಕ್ಷೆ ಒಂದಿದೆ. ಲೀಟರ್ ಬಾಟಲಿಗೆ ಹೊರಬಂದ ಬಗ್ಗಡವನ್ನು ಮುಕ್ಕಾಲು ತುಂಬಿ, ಬಾಯಿಗೆ ಬಲೂನು ಸಿಕ್ಕಿಸಿ ದಾರ ಕಟ್ಟಿ. ನೆರಳಿರುವ ಬೆಚ್ಚಗಿನ ಜಾಗದಲ್ಲಿ ವಾರ ಇಡಿ. ಒಲೆಯ ಹತ್ತಿರ ಬೇಡ, ಮುಚ್ಚಳ ಬಿಗಿಯಾಗಿ ಹಾಕಿ ಇಡಲೇಬೇಡಿ, ಸಿಡಿಯುತ್ತದೆ. ಬಲೂನು ಜೋತುಬಿದ್ದೇ ಇದ್ದರೆ, ಇಲ್ಲವೇ ಸ್ವಲ್ಪ ಮಾತ್ರ ಎದ್ದರೆ, ಬಗ್ಗಡದಲ್ಲಿದ್ದ ಗ್ಯಾಸನ್ನು ಟ್ಯಾಂಕ್ ಆಗಲೇ ತೆಗೆದುಕೊಂಡಿದೆ. ಬಲೂನು ಗಟ್ಟಿಯಾಗಿ ನಿಂತರೆ ನಿಮ್ಮ ಅಡುಗೆಯ ಗ್ಯಾಸ್ ಗಿಡದ ಬುಡಕ್ಕೆ ಹೋಗುತ್ತಿದೆ. ಹುಳಿ ವಾಸನೆ ಬರುವ ಬಗ್ಗಡಕ್ಕೆ ಈ ಪರೀಕ್ಷೆ ನಂಬಬೇಡಿ. ಅಲ್ಲಿ ಜೀವಿಗಳೇ ಇಲ್ಲದ್ದಕ್ಕೂ ಬಲೂನು ಏಳದೆ ಇರಬಹುದು.

## ಡಿಸೆಂಬರ್ ಬಂತೆಂದರೆ ಗ್ಯಾಸ್ ಅರ್ಧ

ಇದು ಬೆಂಗಳೂರಿನ ಸ್ವಂತ ಕಾಯಿಲೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ 15-16 ಡಿಗ್ರಿ ಸಾಮಾನ್ಯ. ಮೀಥೇನ್ ಜೀವಿಗಳಿಗೆ ಬೇಕಾದದ್ದು 35ರ ಆಸುಪಾಸು. ಬಗ್ಗಡ 20 ಡಿಗ್ರಿಗಿಂತ ಕೆಳಗಿಳಿದರೆ ಗ್ಯಾಸ್ ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ. ನೆಲದಲ್ಲಿ ಹೂತ ಟ್ಯಾಂಕಿಗೆ ಮಣ್ಣಿನ ಕಾವು ಇರುತ್ತದೆ. ತಾರಸಿ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿನ ಪಾಡು ಕೇಳಬೇಡಿ. ಮಧ್ಯಾಹ್ನ ಕಾಯುತ್ತದೆ, ಬೆಳಗಿನ ಜಾವ ನಡುಗುತ್ತದೆ. ಈ ಏರಿಳಿತ ಜೀವಿಗಳಿಗೆ ಚಳಿಯಷ್ಟೇ ಕೆಟ್ಟದ್ದು.

ಚಳಿಯಲ್ಲಿ ಜೀವಿಗಳ ಬೆಳವಣಿಗೆ ನಿಧಾನವಾದಾಗ ಅದೇ 40 ದಿನ ಸಾಲುವುದಿಲ್ಲ. ಮೇ ತಿಂಗಳಿನಲ್ಲಿ ಸರಿಹೋಗುತ್ತಿದ್ದ ಅಳತೆ ಈಗ ಜಾಸ್ತಿ. ಇನ್ನೊಂದು ಕಡೆ ಇದೇ ಅವರೆಕಾಯಿ ಕಾಲ. ಹಿತಕಿದ ಬೇಳೆಯ ಸಾರು ಎರಡು ದಿನಕ್ಕೊಮ್ಮೆ. ಬುಟ್ಟಿಗಟ್ಟಲೆ ಸಿಪ್ಪೆ ಟ್ಯಾಂಕಿನ ದಾರಿ ಹಿಡಿಯುತ್ತದೆ. ನಾರು ಜಾಸ್ತಿ, ಕರಗುವುದು ತಡ, ಮೇಲೆ ತೇಲಿ ಚಾಪೆಯ ಹಾಗೆ ಹೆಣೆದುಕೊಳ್ಳುತ್ತದೆ. ಆ ಪದರದ ಕೆಳಗೆ ಹುಟ್ಟಿದ ಗ್ಯಾಸ್ ಡ್ರಮ್ಮಿಗೆ ಬರಲು ಒದ್ದಾಡುತ್ತದೆ. ಡ್ರಮ್ ತಿರುಗಿಸಲು ಹೋದರೆ ಬಿಗಿಯಾಗಿ ಹಿಡಿದಿದ್ದರೆ ಒಳಗೆ ಚಾಪೆ ಇದೆ ಅಂತ ಅರ್ಥ. ತೆಂಗಿನ ನಾರು, ಬಾಳೆಲೆ, ಹಬ್ಬದ ಮಾವಿನೆಲೆಯೂ ಇದೇ ಜಾತಿ. ಇವೆಲ್ಲ ಕಾಂಪೋಸ್ಟ್ ಗುಂಡಿಗೆ ಹೋಗಲಿ. ಮೂಸಂಬಿ, ಕಿತ್ತಳೆ ಸಿಪ್ಪೆಯೂ ಅಲ್ಲಿಗೇ. ಅದರ ಎಣ್ಣೆ ಮೀಥೇನ್ ಜೀವಿಗಳಿಗೆ ಆಗುವುದಿಲ್ಲ.

ಚಳಿಗೆ ಮದ್ದು: ಹಾಕುವುದನ್ನು ಮೂರನೇ ಒಂದು ಭಾಗ ಇಳಿಸಿ. ನೀರು ಇನ್ನೂ ಕಡಿಮೆ ಮಾಡಿ. ಸಂಪಿನ ತಣ್ಣೀರು ಬಿಟ್ಟು ಬಿಸಿಲಿಗಿಟ್ಟ ಬಕೆಟ್ಟಿನ ನೀರಿನಲ್ಲಿ ಕಲಸಿ, ಬೆಳಗ್ಗೆ ಬೇಡ, ಮಧ್ಯಾಹ್ನ ಹಾಕಿ. ಇದು ಹೊಸ ಉಪಾಯವೇನಲ್ಲ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರು ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನಕ್ಕೆಂದು ಶುರುಮಾಡಿದ 'ಅಸ್ತ್ರ' ಕೇಂದ್ರದವರು 1979ರಲ್ಲೇ ಇದನ್ನು ಪ್ಲಾಂಟಿನ ಮೈಗೇ ಸೇರಿಸಿದ್ದರು. ಗ್ಯಾಸಿನ ಡ್ರಮ್ಮಿನ ತಲೆಯ ಮೇಲೇ ನೀರು ನಿಲ್ಲಿಸಿ, ಬಿಸಿಲಿಗೆ ಕಾದ ಆ ನೀರಿನಲ್ಲೇ ಸಗಣಿ ಕಲಸುವ ಏರ್ಪಾಡು. ನಾನು ಅಷ್ಟು ದೂರ ಹೋಗಿಲ್ಲ. ಟ್ಯಾಂಕಿಗೆ ಹಳೇ ಗೋಣಿಚೀಲ ಸುತ್ತಿ, ಮೇಲೆ ಕಪ್ಪು ಟಾರ್ಪಾಲು ಕಟ್ಟಿದ್ದೇನೆ. ಡ್ರಮ್ಮಿನ ಬಾಯಿ, ಪೈಪು ಮುಚ್ಚಿಕೊಳ್ಳದ ಹಾಗೆ ಕಟ್ಟಬೇಕು. ಗ್ಯಾಸ್ ಅದರಡಿ ಸೇರಿಕೊಳ್ಳಬಾರದು.

## ಕೊಳೆತ ಮೊಟ್ಟೆಯ ವಾಸನೆ, ಬರ್ನರ್ ಕಪ್ಪಾಗುವುದು

ಹೈಡ್ರೋಜನ್ ಸಲ್ಫೈಡ್. ಬೇಳೆ, ಮೊಟ್ಟೆ, ಮಾಂಸ, ಕೋಸು ಜಾಸ್ತಿ ಹೋದಾಗ ಏರುತ್ತದೆ. ಇದಕ್ಕೂ ತಂಗುವ ದಿನಕ್ಕೂ ಅಷ್ಟು ನಂಟಿಲ್ಲ. ಉರಿಯುವಾಗ ವಾಸನೆ ಹೋಗುತ್ತದೆ. ಉರಿಯದೆ ಸೋರುವಾಗ ಬರುತ್ತದೆ. ಹಾಗಾಗಿ ಮೊದಲು ಸೋರಿಕೆ ನೋಡಿ. ದಪ್ಪ ಪೈಪಿನಲ್ಲಿ ತುಕ್ಕು ಹಿಡಿದ ಕಬ್ಬಿಣದ ಚೂರು ತುಂಬಿ ಗ್ಯಾಸನ್ನು ಅದರ ಮೂಲಕ ಹಾಯಿಸಿದರೆ ಬಹುಪಾಲು ಹಿಡಿದುಕೊಳ್ಳುತ್ತದೆ. ಆ ಚೂರು ಬದಲಾಯಿಸುವಾಗ ಮೊದಲು ನೀರು ಹಾಕಿ ನೆನೆಸಿ. ಒಣಗಿದ್ದನ್ನು ಹೊರಗೆ ಸುರಿದರೆ ಗಾಳಿ ತಾಗಿ ಕಾದು ಹೊತ್ತಿಕೊಳ್ಳಬಹುದು.

ಬಗ್ಗಡದಿಂದ ಕಣ್ಣು ಚುರುಗುಟ್ಟುವ ಗಾಟು ಬಂದರೆ ಅದು ಅಮೋನಿಯಾ. ಬೇಳೆ, ಮಾಂಸ ಕಡಿಮೆ ಮಾಡಿ, ಅನ್ನ ತರಕಾರಿ ಜಾಸ್ತಿ ಮಾಡಿ. ಮನೆ ಒರೆಸಿದ ಫಿನಾಯಿಲ್ ನೀರು, ಬ್ಲೀಚಿಂಗ್ ಪುಡಿ, ಡಿಟರ್ಜೆಂಟ್ ನೀರು ಯಾವತ್ತೂ ಬೇಡ.

## ಅಪಾರ್ಟ್‌ಮೆಂಟಿನ ದೊಡ್ಡ ಪ್ಲಾಂಟ್

ಇಲ್ಲಿ ಹೆಚ್ಚಾಗಿ ಕೆಡುವುದು ಸೋಮವಾರ. ಶನಿವಾರ, ಭಾನುವಾರದ ಪಾರ್ಟಿ ಹಾಲ್‌ನಲ್ಲಿ ಉಳಿದ ಊಟವೆಲ್ಲ ಒಟ್ಟಿಗೆ ಬಂದು ಬೀಳುತ್ತದೆ. ಕಸ ಕೊಳೆಯುತ್ತದೆ, ಮುಗಿಸಿಬಿಡೋಣ ಅಂತ ಕೆಲಸದವರು ಒಂದೇ ದಿನ ತುಂಬುತ್ತಾರೆ. ಬಂದದ್ದನ್ನು ಮೂರು ದಿನಕ್ಕೆ ಹಂಚಿ ಹಾಕುವಂತೆ ಎರಡು ಡ್ರಮ್ ಇಟ್ಟುಕೊಟ್ಟರೆ ಅರ್ಧ ತೊಂದರೆ ಮುಗಿಯುತ್ತದೆ. ಜೊತೆಗೆ ಒಂದು ತಕ್ಕಡಿ, ಒಂದು ಪುಸ್ತಕ. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ 1987ರಿಂದ ಸಗಣಿ ಗ್ಯಾಸಿನಿಂದ ಕರೆಂಟು ಮಾಡಿ ದೀಪ, ನೀರು ಕೊಟ್ಟಾಗ ಮನೆಮನೆಯಿಂದ ಬಂದ ಸಗಣಿಗೆ ಕಿಲೋ ಲೆಕ್ಕ ಇತ್ತು. ನಮ್ಮ ಗೇಟೆಡ್ ಕಮ್ಯುನಿಟಿಗಳಲ್ಲಿ ಆ ಪುಸ್ತಕ ಇನ್ನೂ ಕಂಡಿಲ್ಲ.

"ಕೊಳಚೆ ನೀರಿನ ಪ್ಲಾಂಟಿನಲ್ಲಿ ಆರೆಂಟು ಗಂಟೆಗೇ ಮೀಥೇನ್ ಬರುತ್ತಂತಲ್ಲ, ನಮ್ಮದಕ್ಕೆ ಯಾಕೆ ತಿಂಗಳು?" ಅಂತ ಒಬ್ಬರು ಕಮಿಟಿ ಮೀಟಿಂಗಿನಲ್ಲಿ ಕೇಳಿದರು. ಒಳ್ಳೆಯ ಪ್ರಶ್ನೆ. 1970ರ ದಶಕದಲ್ಲಿ ನೆದರ್ಲೆಂಡ್ಸಿನ ಲೆಟಿಂಗಾ ಮತ್ತು ಸಂಗಡಿಗರು ರೂಪಿಸಿದ ಆ ಬಗೆಯ ರಿಯಾಕ್ಟರಿನಲ್ಲಿ ಜೀವಿಗಳು ಸಾಬಕ್ಕಿ ಕಾಳಿನ ಹಾಗೆ ಉಂಡೆ ಕಟ್ಟಿಕೊಂಡು ತಳದಲ್ಲಿ ಕೂರುತ್ತವೆ. ನೀರು ಮಾತ್ರ ಹರಿದು ಹೋಗುತ್ತದೆ. ನೀರು ತಂಗುವುದು ಗಂಟೆಗಳು, ಜೀವಿ ತಂಗುವುದು ತಿಂಗಳುಗಳು. ನಮ್ಮ ಟ್ಯಾಂಕಿನಲ್ಲಿ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗುತ್ತಾರೆ.

## ಯಾವಾಗ ಕೈಬಿಟ್ಟು ಕರೆಯಬೇಕು

ಗೋಡೆ ಬಿರುಕು ಬಿಟ್ಟು ಬಗ್ಗಡ ಸೋರಿದರೆ, ಡ್ರಮ್ ಒಂದು ಕಡೆ ವಾಲಿ ಸಿಕ್ಕಿಕೊಂಡರೆ, ತಳದ ಗಸಿ ತೆಗೆಯಬೇಕಾಗಿ ಬಂದರೆ ನಿಮ್ಮ ಕೈಲಿ ಮಾಡಬೇಡಿ. ಗಸಿಯನ್ನು ಹೊರಗಿನಿಂದಲೇ ಹೀರುವ ಹನಿಸಕರ್ ಗಾಡಿಗೆ ಹೇಳಿ. ಮನುಷ್ಯರನ್ನು ಇಳಿಸುತ್ತೇವೆ ಅನ್ನುವವರನ್ನು ವಾಪಸ್ ಕಳಿಸಿ. ಗಸಿ ತೆಗೆಸುವ ಮೊದಲು ಮೇಲಿನ ಒಳ್ಳೆಯ ಬಗ್ಗಡ ಒಂದು 200 ಲೀಟರ್ ಬೇರೆ ಡ್ರಮ್ಮಿನಲ್ಲಿ ತೆಗೆದಿಡಿ, ಬಾಯಿ ಸಡಿಲವಾಗಿ ಮುಚ್ಚಿ ಬಯಲಲ್ಲಿಡಿ. ಅದೇ ಮುಂದಿನ ಹೆಪ್ಪು. ಹಾಗೆ ಮಾಡದಿದ್ದರೆ ಮತ್ತೆ ಸಗಣಿಯಿಂದ ಶುರುಮಾಡಿ ಮೂರು ನಾಲ್ಕು ವಾರ ಕಾಯಬೇಕು.

ಸೋಡ, ಹೆಪ್ಪು ಎಲ್ಲ ಆಗಿ ಮೂರು ವಾರ ಕಳೆದರೂ ಪಟ್ಟಿ 6.5 ದಾಟದಿದ್ದರೆ ಟ್ಯಾಂಕ್ ಕಟ್ಟಿಕೊಟ್ಟವರನ್ನು ಕರೆಯಿರಿ. ಫೋನ್ ಮಾಡುವಾಗ ನಾಲ್ಕು ಸಂಗತಿ ಬರೆದಿಟ್ಟುಕೊಳ್ಳಿ: ಗಳ ಇಳಿಸಿ ನೋಡಿದ ಮೇಲಿನ ನಿಜವಾದ ಲೀಟರ್, ದಿನಕ್ಕೆ ಹಾಕುವ ಕಸ ಮತ್ತು ನೀರು ಬೇರೆ ಬೇರೆಯಾಗಿ, ಪಿಎಚ್, ಕೊನೆಯ ಸಲ ಚೆನ್ನಾಗಿ ಉರಿದ ದಿನ. ಇಷ್ಟು ಕೇಳಿಯೂ "ಇನ್ನೊಂದೆರಡು ಬಕೆಟ್ ಹಾಕಿ ಸಾರ್" ಅಂದರೆ, ಬೇರೆಯವರಿಗೆ ಫೋನ್ ಮಾಡಿ.